ಮಾರುಕಟ್ಟೆಯ ಗೂಡಂಗಡಿಯಲ್ಲಿ ಒಳ್ಳೆಯ ಕಾಫಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ದಾವಣಗೆರೆಯ ಎಪಿಎಂಸಿ ಪ್ರಾಂಗಣದಲ್ಲಿ ಮೆಕ್ಕೆಜೋಳದ ವ್ಯಾಪಾರ ಮಾಡುತ್ತೇನೆ. ಸುಗ್ಗಿಯ ದಿನಗಳಲ್ಲಿ ಬೆಳಗಿನ ಜಾವಕ್ಕೇ ಲಾರಿಗಳು ಬಂದು ನಿಲ್ಲುವುದರಿಂದ ಮನೆಯಲ್ಲಿ ಕಾಫಿ ಕುಡಿಯುವಷ್ಟು ಪುರಸೊತ್ತು ಇರುವುದಿಲ್ಲ. ಅಲ್ಲೇ ಹತ್ತಿರದಲ್ಲಿ ಗಂಡ-ಹೆಂಡತಿ ಇಬ್ಬರೇ ನಡೆಸುವ ತಗಡಿನ ಸೂರಿನ ಗೂಡಂಗಡಿಯೊಂದಿದೆ. ಹೆಸರಿನ ಫಲಕವೂ ಇಲ್ಲ, ಕೂರಲು ಬೆಂಚೂ ಇಲ್ಲ. ಹಮಾಲರು, ಚಾಲಕರು, ನಮ್ಮಂತಹ ವ್ಯಾಪಾರಿಗಳು ನಿಂತೇ ಕುಡಿದು ಹೋಗುತ್ತೇವೆ. ಬಟ್ಟೆಯ ಚೀಲದಲ್ಲಿ ಡಿಕಾಕ್ಷನ್ ಇಳಿಸಿ, ಅದರ ಪಾತ್ರೆಯನ್ನು ಬಿಸಿನೀರಿನ ಬೋಗುಣಿಯಲ್ಲಿ ಇಟ್ಟಿರುತ್ತಾರೆ. ಅಲ್ಲಿನ ಕಾಫಿಗೆ ಇರುವ ಪರಿಮಳವಾಗಲಿ ಹದವಾಗಲಿ, ಸಂಬಂಧಿಕರ ಜೊತೆ ದೊಡ್ಡ ಹೋಟೆಲೊಂದಕ್ಕೆ ಹೋಗಿ ಹತ್ತು ಪಟ್ಟು ದುಡ್ಡು ಕೊಟ್ಟು ಕುಡಿದ ಕಾಫಿಗೆ ಇರಲಿಲ್ಲ. ಇದು ಬೆಳಗಿನ ಚಳಿ ಮತ್ತು ಖಾಲಿ ಹೊಟ್ಟೆಯ ಮಹಿಮೆಯೋ, ಆ ಕಾಫಿಯೇ ನಿಜವಾಗಿ ಉತ್ತಮವೋ?
(ವ್ಯಾಪಾರಿ ಓದುಗರೊಬ್ಬರು, ದಾವಣಗೆರೆ)

ಉತ್ತರ: ಚಳಿಗೂ ಖಾಲಿ ಹೊಟ್ಟೆಗೂ ಅದರಲ್ಲಿ ಪಾಲಿದೆ, ಆದರೆ ನೀವು ಅನುಮಾನಿಸುವಷ್ಟು ದೊಡ್ಡ ಪಾಲಲ್ಲ. ಪರೀಕ್ಷಿಸಬೇಕೆಂದಿದ್ದರೆ ಮಧ್ಯಾಹ್ನ ಊಟವಾಗಿ ಸ್ವಲ್ಪ ಹೊತ್ತಿನ ಮೇಲೆ, ಬಿಸಿಲೇರಿದಾಗ ಅದೇ ಅಂಗಡಿಗೆ ಹೋಗಿ ಕುಡಿದು ನೋಡಿ. ಆಗಲೂ ಚೆನ್ನಾಗಿದ್ದರೆ ಕೀರ್ತಿಯನ್ನು ಕಾಫಿಗೇ ಕೊಡಬಹುದು. ನೀವು ಬರೆದಿರುವ ಬಿಸಿನೀರಿನ ಬೋಗುಣಿಯ ಸಂಗತಿಯೊಂದನ್ನು ನೋಡಿದರೇ ಆ ದಂಪತಿಗೆ ತಮ್ಮ ಕೆಲಸ ಚೆನ್ನಾಗಿ ಗೊತ್ತಿದೆ ಎಂದು ನನಗೆ ಅನ್ನಿಸುತ್ತದೆ.

ಮೊದಲು ಪುಡಿಯ ವಿಷಯ. ಕಾಫಿ ಬೀಜವನ್ನು ಹುರಿದು ಕೆಳಗಿಳಿಸಿದ ಗಳಿಗೆಯಿಂದಲೇ ಅದು ಹಳತಾಗತೊಡಗುತ್ತದೆ. ಹುರಿಯುವಾಗ ಬೀಜದೊಳಗೆ ಹುಟ್ಟಿದ ಇಂಗಾಲದ ಡೈಆಕ್ಸೈಡ್ ಮೆಲ್ಲಗೆ ಹೊರಬೀಳುತ್ತ ಪರಿಮಳವನ್ನೂ ತನ್ನ ಜೊತೆ ಒಯ್ಯುತ್ತದೆ. ಇತ್ತ ಗಾಳಿಯಲ್ಲಿರುವ ಆಮ್ಲಜನಕ ಬೀಜದ ಎಣ್ಣೆಯಂಶವನ್ನು ಕೆಡಿಸುತ್ತ ಬರುತ್ತದೆ. ಇಡೀ ಬೀಜದಲ್ಲಿ ವಾರಗಟ್ಟಲೆ ಹಿಡಿಯುವ ಈ ಬದಲಾವಣೆ, ಪುಡಿ ಮಾಡಿದ ಮೇಲೆ ಗಾಳಿಗೆ ತಾಗುವ ಮೈ ಹಲವು ಪಟ್ಟು ಹೆಚ್ಚುವುದರಿಂದ, ಕೆಲವೇ ದಿನಗಳಲ್ಲಿ ಮುಗಿದುಹೋಗುತ್ತದೆ. ಹೀಗಾಗಿ ಪುಡಿ ಎಷ್ಟು ದುಬಾರಿಯದು ಎಂಬುದಕ್ಕಿಂತ ಯಾವತ್ತು ಬೀಸಿದ್ದು ಎಂಬುದು ಲೋಟದಲ್ಲಿ ಹೆಚ್ಚು ಎದ್ದು ಕಾಣುತ್ತದೆ. ಗೂಡಂಗಡಿಯವರ ಕೈಯಲ್ಲಿ ಬಂಡವಾಳ ಕಡಿಮೆ. ತಿಂಗಳ ಪುಡಿಯನ್ನು ಒಟ್ಟಿಗೆ ತಂದಿಡಲು ಅವರಿಗೆ ಹಣವೂ ಇರುವುದಿಲ್ಲ, ಜಾಗವೂ ಇರುವುದಿಲ್ಲ. ಎರಡು ದಿನಕ್ಕೋ ಮೂರು ದಿನಕ್ಕೋ ಒಮ್ಮೆ ಪುಡಿ ಅಂಗಡಿಗೆ ಹೋಗಿ ಬೇಕಾದಷ್ಟನ್ನೇ ಬೀಸಿಸಿಕೊಂಡು ಬರುತ್ತಾರೆ. ಅವರ ಕೈಬಿಗಿಯೇ ನಿಮಗೆ ತಾಜಾ ಪುಡಿಯನ್ನು ಕುಡಿಸುತ್ತಿದೆ. ದೊಡ್ಡ ಹೋಟೆಲಿನಲ್ಲಿ ನೂರು ತಿನಿಸುಗಳ ನಡುವೆ ಕಾಫಿಯೂ ಒಂದು, ಅದೂ ಬಿಲ್ಲು ತರುವ ಮುಂಚೆ ಕೇಳುವಂಥದ್ದು. ಅಲ್ಲಿನ ಉಗ್ರಾಣದಲ್ಲಿ ಪುಡಿಯ ಚೀಲ ಯಾವಾಗ ಬಾಯಿ ಬಿಚ್ಚಿತು ಎಂದು ಅಡುಗೆಯವರಿಗೂ ನೆನಪಿರಲಾರದು.

ಎರಡನೆಯದು ಡಿಕಾಕ್ಷನ್ನಿನ ವಯಸ್ಸು. ಇಳಿಸಿದ ಡಿಕಾಕ್ಷನ್ನನ್ನು ನೇರವಾಗಿ ಬೆಂಕಿಯ ಮೇಲಿಟ್ಟು ಕಾಯಿಸುತ್ತ ಹೋದರೆ ಅದರಲ್ಲಿರುವ ಕ್ಲೋರೊಜೆನಿಕ್ ಆಮ್ಲಗಳು ಒಡೆದು ಬೇರೆ ಆಮ್ಲಗಳಾಗುತ್ತವೆ, ನಾಲಿಗೆಯ ಹಿಂಭಾಗದಲ್ಲಿ ಒಂದು ಬಗೆಯ ಹುಳಿಗಹಿ ಉಳಿಯುತ್ತದೆ. ಮದುವೆ ಮನೆಯ ಮೂರನೇ ಪಂಕ್ತಿಯ ಹೊತ್ತಿಗೆ ಸಿಗುವ ಕಾಫಿಯನ್ನು ನೆನಪಿಸಿಕೊಂಡರೆ ಈ ರುಚಿ ಯಾವುದೆಂದು ತಿಳಿಯುತ್ತದೆ. ಪಾತ್ರೆಯನ್ನು ಬಿಸಿನೀರಿನೊಳಗೆ ಇಡುವುದರಿಂದ ಡಿಕಾಕ್ಷನ್ ಬಿಸಿಯಾಗಿರುತ್ತದೆ, ಆದರೆ ಕುದಿಯುವುದಿಲ್ಲ. ಅಷ್ಟೇ ಮುಖ್ಯವಾದದ್ದು, ಹಮಾಲರ ಗುಂಪೊಂದು ಬಂದು ಹೋದರೆ ಪಾತ್ರೆ ಖಾಲಿ, ಮತ್ತೆ ಹೊಸದಾಗಿ ಇಳಿಸಲೇಬೇಕು. ನಿಮ್ಮ ಅಂಗಡಿಯಲ್ಲಿ ಡಿಕಾಕ್ಷನ್ ಹಳತಾಗಲು ಜನ ಬಿಡುವುದಿಲ್ಲ.

ಇನ್ನು ಹಾಲು. ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಈ ಮೂರೂ ಜಿಲ್ಲೆಗಳ ಹಾಲು ಶಿವಮೊಗ್ಗ ಹಾಲು ಒಕ್ಕೂಟದ ಮೂಲಕವೇ ನಂದಿನಿ ಪ್ಯಾಕೆಟ್ಟಾಗಿ ಬರುವುದರಿಂದ, ಗೂಡಂಗಡಿಗೂ ದೊಡ್ಡ ಹೋಟೆಲಿಗೂ ಮೂಲ ಹಾಲಿನಲ್ಲಿ ಹೆಚ್ಚಿನ ವ್ಯತ್ಯಾಸ ಇರಲಾರದು. ವ್ಯತ್ಯಾಸವಿರುವುದು ಯಾವ ದರ್ಜೆಯ ಹಾಲು, ಅದಕ್ಕೆಷ್ಟು ನೀರು ಎಂಬುದರಲ್ಲಿ. ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ 3ರಷ್ಟು, ಸ್ಟ್ಯಾಂಡರ್ಡೈಸ್ಡ್ ಹಾಲಿನಲ್ಲಿ ಶೇ 4.5ರಷ್ಟು, ಪೂರ್ಣ ಕೆನೆಯ ಹಾಲಿನಲ್ಲಿ ಶೇ 6ರಷ್ಟು ಇರುತ್ತದೆ. ಗಟ್ಟಿ ಡಿಕಾಕ್ಷನ್ನಿಗೆ ತೆಳ್ಳನೆಯ ಹಾಲು ಹೊಂದುವುದಿಲ್ಲ. ಕಹಿ ಒಂದು ಕಡೆ, ಹಾಲು ಒಂದು ಕಡೆ ನಿಂತ ಹಾಗೆ ಇರುತ್ತದೆ. ಕೆಲವು ಅಂಗಡಿಯವರು ಎಮ್ಮೆಹಾಲನ್ನು ಬೇರೆಯಾಗಿ ಹಾಕಿಸಿಕೊಳ್ಳುತ್ತಾರೆ. ನಿಮ್ಮವರೂ ಹಾಗೆ ಮಾಡುತ್ತಿದ್ದರೆ ಆ ಹದಕ್ಕೆ ಅದೂ ಒಂದು ಕಾರಣ.

ಲೋಟದ ಮಾತನ್ನೂ ಹೇಳಬೇಕು. ಗೂಡಂಗಡಿಯ ಗಾಜಿನ ಲೋಟ ಚಿಕ್ಕದು, ನಾಲ್ಕೈದು ಗುಟುಕಿನದು, ಆದ್ದರಿಂದ ಕೊನೆಯ ಗುಟುಕೂ ಬಿಸಿಯಾಗಿಯೇ ಬಾಯಿಗೆ ಬರುತ್ತದೆ. ಕೈಯೆತ್ತರದಿಂದ ಒಂದೆರಡು ಸಲ ಎತ್ತಿ ಸುರಿಯುವುದರಿಂದ ನೊರೆ ಏಳುವುದಲ್ಲದೆ, ಕುದಿಯುವ ಹಾಲು ಕುಡಿಯುವ ಹದಕ್ಕೆ ಇಳಿಯುತ್ತದೆ. ತೀರಾ ಸುಡುವ ಕಾಫಿಯಲ್ಲಿ ನಾಲಿಗೆಗೆ ಬಿಸಿಯಲ್ಲದೆ ಬೇರೇನೂ ತಿಳಿಯದು. 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಪಾನೀಯಗಳನ್ನು ಕುಡಿಯುವ ರೂಢಿಯು ಅನ್ನನಾಳದ ಕ್ಯಾನ್ಸರಿಗೆ ಬಹುಶಃ ಕಾರಣವಾಗಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 2016ರಲ್ಲಿ ಹೇಳಿದೆ. ಎತ್ತಿ ಸುರಿದು ಕೊಡುವವರಿಗೆ ಅದು ಗೊತ್ತಿರಲಿ ಬಿಡಲಿ, ಅವರ ರೂಢಿ ಒಳ್ಳೆಯದೇ.

ಆದರೆ ಇಷ್ಟನ್ನು ಓದಿ, ಅಂಗಡಿ ಸಣ್ಣದಾದಷ್ಟೂ ಕಾಫಿ ಚೆನ್ನ ಎಂಬ ತೀರ್ಮಾನಕ್ಕೆ ಬರಬೇಡಿ. ಬಡತನಕ್ಕೆ ರುಚಿಯ ಪಟ್ಟ ಕಟ್ಟುವ ಚಪಲ ನಮ್ಮ ಬರವಣಿಗೆಯಲ್ಲಿ ಈಚೆಗೆ ವಿಪರೀತವಾಗಿದೆ. ದಾವಣಗೆರೆಯ ಬೀದಿಯಲ್ಲಿ ಚಹಾದ್ದೇ ಮೇಲುಗೈ. ಮಂಡಕ್ಕಿ-ಮೆಣಸಿನಕಾಯಿಯ ಜೊತೆ ಜನ ಕೇಳುವುದು ಚಹಾವನ್ನೇ. ಅಂತಹ ಅಂಗಡಿಗಳಲ್ಲಿ ಕಾಫಿ ಕೇಳಿದರೆ ಅನೇಕ ಕಡೆ ಚಹಾಕ್ಕೆ ಇಟ್ಟ ನೀರುಹಾಲಿಗೆ ಒಂದು ಚಮಚ ಇನ್‌ಸ್ಟಂಟ್ ಪುಡಿ ಉದುರಿಸಿ ಕೊಡುತ್ತಾರೆ. ಅಲ್ಲಿ ಕಾಫಿ ಕೇಳುವವರು ದಿನಕ್ಕೆ ಹತ್ತು ಜನರೂ ಇಲ್ಲದಿರುವಾಗ ಡಿಕಾಕ್ಷನ್ ಇಳಿಸಿಡುವುದು ಅವರಿಗೆ ನಷ್ಟವೇ, ಅವರನ್ನು ದೂರುವಂತಿಲ್ಲ. ನಿಮ್ಮ ಅಂಗಡಿ ಗೆದ್ದಿರುವುದು ಸಣ್ಣದಾದ್ದರಿಂದಲ್ಲ, ಅಲ್ಲಿ ಕಾಫಿಯೇ ಓಡುವುದರಿಂದ.

ಪ್ರಶ್ನೆ: ನಮ್ಮೂರಿನ ತರಕಾರಿ ಮಾರುಕಟ್ಟೆಯ ಮೂಲೆಯಲ್ಲಿ ಒಬ್ಬ ಹಿರಿಯರು ಮಾಡುವ ಕಾಫಿ ನನಗೆ ಬಹಳ ಇಷ್ಟ. ಯಾವ ಪುಡಿ ಎಂದು ಕೇಳಿದಾಗ ಮುಚ್ಚಿಡದೆ ಅಂಗಡಿಯ ಹೆಸರನ್ನೂ ಮಿಶ್ರಣವನ್ನೂ ಹೇಳಿದರು. ಅದೇ ಪುಡಿಯನ್ನು ತಂದು ಮನೆಯ ಸ್ಟೀಲ್ ಫಿಲ್ಟರಿನಲ್ಲಿ ಹಾಕಿದರೆ ಆ ರುಚಿ ಬರುತ್ತಿಲ್ಲ. ಅವರು ಏನನ್ನೋ ಹೇಳದೆ ಉಳಿಸಿಕೊಂಡಿದ್ದಾರೆ ಎಂದು ನಮ್ಮ ಅತ್ತೆಯವರ ಅಭಿಪ್ರಾಯ.
(ಗೃಹಿಣಿ, ಹರಿಹರ)

ಉತ್ತರ: ಆ ಹಿರಿಯರನ್ನು ಅನುಮಾನಿಸುವ ಮುಂಚೆ ನಿಮ್ಮ ಫಿಲ್ಟರನ್ನು ವಿಚಾರಿಸಿಕೊಳ್ಳೋಣ. ಬಟ್ಟೆಯ ಚೀಲಕ್ಕೂ ಸ್ಟೀಲ್ ಫಿಲ್ಟರಿಗೂ ಒಂದೇ ಪುಡಿ ಒಗ್ಗುವುದಿಲ್ಲ. ಬಟ್ಟೆ ಸಣ್ಣ ಕಣಗಳನ್ನೂ ಎಣ್ಣೆಯಂಶದ ಒಂದಷ್ಟು ಭಾಗವನ್ನೂ ಹಿಡಿದುಕೊಳ್ಳುವುದರಿಂದ ಅದಕ್ಕೆ ನಯವಾದ ಪುಡಿ ನಡೆಯುತ್ತದೆ. ಅದೇ ನಯವಾದ ಪುಡಿ ಸ್ಟೀಲ್ ಫಿಲ್ಟರಿನ ತೂತುಗಳನ್ನು ಮುಚ್ಚಿಬಿಡುತ್ತದೆ. ನೀರು ಇಳಿಯದೆ ಗಂಟೆಗಟ್ಟಲೆ ಪುಡಿಯ ಮೇಲೆ ಕೂತು ಕಹಿಯನ್ನೆಲ್ಲ ಎಳೆದುಕೊಂಡು ಬರುತ್ತದೆ, ಜೊತೆಗೆ ತಳದಲ್ಲಿ ಚರಟವೂ ಸೇರುತ್ತದೆ. ಮುಂದಿನ ಸಲ ಪುಡಿ ಅಂಗಡಿಯಲ್ಲಿ ‘ಮನೆಯ ಫಿಲ್ಟರಿಗೆ’ ಎಂದು ಹೇಳಿ, ಮಿಶ್ರಣ ಅದೇ ಇರಲಿ, ಒಂದು ಹದ ತರಿಯಾಗಿ ಬೀಸಿಸಿಕೊಳ್ಳಿ. ಅವರು ಮಿಲ್ಲಿನ ತಿರುಪನ್ನು ಬದಲಿಸಿ ಕೊಡುತ್ತಾರೆ.

ಇಬ್ಬರಿಗೆ ಸಾಕಾಗುವಷ್ಟು ಡಿಕಾಕ್ಷನ್ನಿಗೆ 20 ಗ್ರಾಂ ಪುಡಿ, 120ರಿಂದ 150 ಮಿಲಿ ನೀರು ಸರಿಯಾದ ಅಳತೆ. ಪುಡಿಯನ್ನು ಮೇಲಿನ ಬಟ್ಟಲಿಗೆ ಹಾಕಿ ಮಟ್ಟ ಮಾಡಿ, ಒತ್ತುಬಿಲ್ಲೆಯನ್ನು ಅದರ ಭಾರಕ್ಕೇ ಕೂರಲು ಬಿಡಿ. ಕೈಯಿಂದ ಅದುಮಿದರೆ ಮತ್ತೆ ನೀರು ಇಳಿಯುವುದಿಲ್ಲ. ಕುದಿ ಬಂದ ನೀರನ್ನು ಒಲೆಯಿಂದ ಇಳಿಸಿ ಅರ್ಧ ನಿಮಿಷ ಬಿಟ್ಟರೆ 92ರಿಂದ 96 ಡಿಗ್ರಿಯ ನಡುವೆ ನಿಲ್ಲುತ್ತದೆ, ಕಾಫಿಗೆ ಬೇಕಾದ್ದು ಅಷ್ಟೇ. ಮೊದಲು ಎರಡು ಚಮಚ ನೀರು ಹಾಕಿ ನೋಡಿ. ಪುಡಿ ತಾಜಾ ಆಗಿದ್ದರೆ ಬಿಲ್ಲೆಯ ಅಂಚಿನಿಂದ ಸಣ್ಣ ಗುಳ್ಳೆಗಳು ಪಿಸುಗುಡುತ್ತ ಮೇಲೆದ್ದು ಪುಡಿ ತುಸು ಉಬ್ಬುತ್ತದೆ. ಒಳಗೆ ಉಳಿದಿದ್ದ ಅನಿಲ ಹೊರಬರುವ ಗುರುತು ಅದು. ಏನೂ ಆಗದೆ ಕೆಸರಿನಂತೆ ನೀರು ಕುಡಿದು ಸುಮ್ಮನಾದರೆ ಪುಡಿ ಹಳೆಯದು, ನಿಮ್ಮ ಕೈಯ ತಪ್ಪಲ್ಲ. ಗುಳ್ಳೆ ಅಡಗಿದ ಮೇಲೆ ಉಳಿದ ನೀರನ್ನು ಹಾಕಿ ಮುಚ್ಚಿಟ್ಟರೆ ಹತ್ತು ಹದಿನೈದು ನಿಮಿಷದಲ್ಲಿ ಇಳಿಯಬೇಕು. ಎರಡನೇ ಸಲ ನೀರು ಹಾಕಿ ಇಳಿಸಿದ್ದನ್ನು ಮೊದಲಿನದರ ಜೊತೆ ಸೇರಿಸುವ ಜಾಣತನವನ್ನು ದಯವಿಟ್ಟು ಬಿಡಿ.

ನೀರಿನ ವಿಷಯವನ್ನೂ ಗಮನಿಸಿ. ನಿಮ್ಮೂರಿನವರಿಗೆ ತುಂಗಭದ್ರೆ ಪಕ್ಕದಲ್ಲೇ ಇದ್ದರೂ ಮನೆಯ ನಲ್ಲಿಯಲ್ಲಿ ಬರುವುದು ಬೋರ್‌ವೆಲ್ ನೀರಾಗಿದ್ದರೆ ಅದರ ಗಡಸುತನ ಕಾಫಿಯ ಹುಳಿಸೊಗಡನ್ನು ಅಡಗಿಸಿ ರುಚಿಯನ್ನು ಸಪ್ಪೆ ಮಾಡುತ್ತದೆ. ಹಿರಿಯರು ಯಾವ ನೀರು ಬಳಸುತ್ತಾರೆಂದು ವಿಚಾರಿಸಿ. ಅವರು ಬಹುಶಃ ಹೇಳದೆ ಉಳಿಸಿಕೊಂಡಿರುವುದು ಅದೊಂದೇ, ಅದೂ ನೀವು ಕೇಳಲಿಲ್ಲವಾದ್ದರಿಂದ. ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಪ್ರಶ್ನೆ: ಚಿತ್ರದುರ್ಗದ ಸಂತೆಪೇಟೆಯ ಕಡೆ ನಾನು ಮೆಚ್ಚಿ ಕುಡಿಯುತ್ತಿದ್ದ ಕಾಫಿಯಲ್ಲಿ ಚಿಕೋರಿ ಇದೆಯೆಂದು ಈಚೆಗೆ ತಿಳಿಯಿತು. ಇಷ್ಟು ದಿನ ಕಲಬೆರಕೆಯನ್ನು ಹೊಗಳುತ್ತಿದ್ದೆನೇ?
(ನಿವೃತ್ತ ಶಿಕ್ಷಕರು, ಚಿತ್ರದುರ್ಗ)

ಉತ್ತರ: ಇಲ್ಲ. ಚಿಕೋರಿ ಒಂದು ಗಿಡದ ಬೇರು; ನಮ್ಮ ದೇಶದಲ್ಲಿ ಹೆಚ್ಚಾಗಿ ಗುಜರಾತ್ ಮತ್ತು ಉತ್ತರ ಪ್ರದೇಶಗಳಲ್ಲಿ ಬೆಳೆದು, ಒಣಗಿಸಿ, ಹುರಿದು ಪುಡಿ ಮಾಡುತ್ತಾರೆ. ಅದರಲ್ಲಿ ಕೆಫೀನ್ ಇಲ್ಲ. ಬಣ್ಣ, ಮಂದ, ಸ್ವಲ್ಪ ಸಿಹಿ ಬೆರೆತ ಕಹಿ ಇವಿಷ್ಟನ್ನು ಅದು ಕೊಡುತ್ತದೆ. ಹಾಲು ಹೆಚ್ಚು ಹಾಕಿ ಕುಡಿಯುವ ನಮ್ಮ ಪದ್ಧತಿಯಲ್ಲಿ, ಹಾಲಿನ ಮುಂದೆ ಕಾಫಿ ಮಂಕಾಗದಂತೆ ಅದು ಆಸರೆಯಾಗುತ್ತದೆ. ಆಹಾರ ಸುರಕ್ಷತಾ ನಿಯಮದ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿಯ ಪಾಲು ತೂಕದಲ್ಲಿ ಶೇ 51ಕ್ಕಿಂತ ಕಡಿಮೆ ಇರಬಾರದು, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಮುದ್ರಿಸಿರಬೇಕು. ಹೇಳಿ ಬೆರೆಸಿದರೆ ಮಿಶ್ರಣ, ಹೇಳದೆ ಬೆರೆಸಿದರೆ ಮೋಸ.

ನನ್ನ ಮಟ್ಟಿಗೆ ಕಾಫಿ 80ಕ್ಕೆ ಚಿಕೋರಿ 20 ಒಳ್ಳೆಯ ಹದ. 70ಕ್ಕೆ 30ನ್ನೂ ಒಪ್ಪುತ್ತೇನೆ. 60ಕ್ಕೆ 40ಕ್ಕೆ ಇಳಿದರೆ ಕಾಫಿಯ ಗುಣ ಹೋಗಿ ಬರೀ ಬಣ್ಣ ಉಳಿಯುತ್ತದೆ. 2024 ಮತ್ತು 2025ರಲ್ಲಿ ಕಾಫಿ ಬೀಜದ ಬೆಲೆ ಹಿಂದೆಂದೂ ಕಾಣದಷ್ಟು ಏರಿದ್ದನ್ನು ನೆನಪಿಟ್ಟುಕೊಂಡರೆ, ಚಿಕೋರಿಯ ಪಾಲನ್ನು ಹೆಚ್ಚಿಸುವ ಆಸೆ ಸಣ್ಣ ವ್ಯಾಪಾರಿಗೆ ಏಕೆ ಬರುತ್ತದೆಂದು ಊಹಿಸಬಹುದು. ಪುಡಿಯನ್ನು ಪರೀಕ್ಷಿಸುವುದು ಸುಲಭ. ಗಾಜಿನ ಲೋಟದಲ್ಲಿ ತಣ್ಣೀರು ತೆಗೆದುಕೊಂಡು ಅದರ ಮೇಲೆ ಒಂದು ಚಿಟಿಕೆ ಪುಡಿ ಉದುರಿಸಿ. ಕಾಫಿ ತೇಲುತ್ತದೆ, ಚಿಕೋರಿ ಕೆಲವೇ ಸೆಕೆಂಡಿನಲ್ಲಿ ಕಂದುಬಣ್ಣದ ಗೆರೆ ಎಳೆಯುತ್ತ ತಳಕ್ಕೆ ಇಳಿಯುತ್ತದೆ. ಬಿಸಿನೀರಿನಲ್ಲಿ ಮಾಡಿದರೆ ಕಾಫಿಯೂ ಬಣ್ಣ ಬಿಡುವುದರಿಂದ ಏನೂ ತಿಳಿಯದು. ಆತಂಕ ಪಡಬೇಕಾದದ್ದು ಚಿಕೋರಿಗಲ್ಲ. ಹುರಿದ ಹುಣಸೆ ಬೀಜದ ಪುಡಿ, ಖರ್ಜೂರದ ಬೀಜದ ಪುಡಿ ಸೇರಿಸುವ ಕಳ್ಳತನಕ್ಕೆ. ಕಣ್ಣೆದುರಿಗೇ ಬೀಜ ಬೀಸಿ ಕೊಡುವ ಅಂಗಡಿಯಲ್ಲಿ ಆ ಭಯವಿಲ್ಲ.

ಪ್ರಶ್ನೆ: ಚಿಕ್ಕಮಗಳೂರಿನ ತೋಟಗಳು ನಮಗೆ ಅಷ್ಟೇನೂ ದೂರವಿಲ್ಲ. ಆದರೂ ದಾವಣಗೆರೆಯಲ್ಲಿ ಒಳ್ಳೆಯ ಕಾಫಿಯನ್ನು ಹುಡುಕಿಕೊಂಡು ಹೋಗಬೇಕಾಗಿರುವುದೇಕೆ?
(ವಿದ್ಯಾರ್ಥಿ, ದಾವಣಗೆರೆ)

ಉತ್ತರ: ಬೆಳೆಯುವ ಸೀಮೆಗೂ ಕುಡಿಯುವ ಸೀಮೆಗೂ ಮೊದಲಿನಿಂದಲೂ ನೇರ ನಂಟು ಕಡಿಮೆ. 1942ರ ಕಾಫಿ ಕಾಯಿದೆಯಡಿ ಬೆಳೆಗಾರರು ತಮ್ಮ ಬೆಳೆಯನ್ನು ಕಾಫಿ ಮಂಡಳಿಯ ಸಾಮೂಹಿಕ ಸಂಗ್ರಹಕ್ಕೆ ಒಪ್ಪಿಸಬೇಕಾಗಿತ್ತು. ತೊಂಬತ್ತರ ದಶಕದ ಆರಂಭದಲ್ಲಿ ಸಡಿಲಗೊಳ್ಳುತ್ತ ಬಂದ ಆ ಪದ್ಧತಿ 1996ರ ಹೊತ್ತಿಗೆ ಪೂರ್ತಿ ಕೊನೆಯಾಯಿತು. ಆಮೇಲೆ ಬೆಳೆಗಾರರು ತಮಗೆ ಬೇಕಾದವರಿಗೆ ಮಾರತೊಡಗಿದರು, ಆದರೆ ಒಳ್ಳೆಯ ಬೆಲೆ ಸಿಕ್ಕಿದ್ದು ಹೊರದೇಶಗಳಲ್ಲಿ. ಭಾರತದ ಕಾಫಿಯ ಬಹುಪಾಲು ಇಂದಿಗೂ ರಫ್ತಾಗುತ್ತದೆ. ದೇಶದ ಉತ್ಪಾದನೆಯ ಸುಮಾರು ಶೇ 70ರಷ್ಟನ್ನು ಕರ್ನಾಟಕವೇ ಬೆಳೆದರೂ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ, ಕೊಡಗು ಅರೇಬಿಕಾಗಳಿಗೆ 2019ರಲ್ಲಿ ಭೌಗೋಳಿಕ ಗುರುತು (ಇಂಥ ಸೀಮೆಯದೇ ಬೆಳೆ ಎಂದು ಸಾರುವ ಜಿಐ ಮಾನ್ಯತೆ) ದೊರೆತಿದ್ದರೂ, ಆ ಬೀಜ ನಮ್ಮ ಪೇಟೆಯ ಲೋಟಕ್ಕೆ ತಾನಾಗಿ ಬಂದು ಬೀಳುವುದಿಲ್ಲ.

ಇನ್ನೊಂದು ಕಾರಣ ನಮ್ಮ ಊರಿನ ಜಾಯಮಾನ. ದಾವಣಗೆರೆ ಹತ್ತಿ ಗಿರಣಿಗಳಿಂದ ಬೆಳೆದ ಊರು, ಉತ್ತರದ ಕಡೆಗೆ ಮುಖ ಮಾಡಿದ ವ್ಯಾಪಾರದ ಊರು. ಚಹಾದ ರೂಢಿ ಆ ದಿಕ್ಕಿನಿಂದ ಗಟ್ಟಿಯಾಗಿ ಬಂದಿದೆ. ಆದ್ದರಿಂದ ಇಲ್ಲಿ ಕಾಫಿ ಚೆನ್ನಾಗಿರುವ ಅಂಗಡಿ ಎಂದರೆ, ಅದನ್ನು ನಡೆಸುವವರು ಮಲೆನಾಡಿನ ಕಡೆಯವರೋ ಅಥವಾ ಅವರ ಕಾಯಂ ಗಿರಾಕಿಗಳು ಆ ಕಡೆಯವರೋ ಆಗಿರುವುದು ಹೆಚ್ಚು. ಅಂತಹವರನ್ನು ವಿಚಾರಿಸಿದರೆ ಅರೇಬಿಕಾ, ರೊಬಸ್ಟಾ ಎಂಬ ಎರಡು ಬಗೆಯ ಬೀಜಗಳ ಪಾಲನ್ನೂ ಹೇಳುತ್ತಾರೆ. ಅರೇಬಿಕಾದಲ್ಲಿ ಪರಿಮಳ ಹೆಚ್ಚು, ಕೆಫೀನ್ ಶೇ 1.2ರ ಆಸುಪಾಸು, ರೊಬಸ್ಟಾದಲ್ಲಿ ಕಹಿ ಮತ್ತು ಮಂದ ಹೆಚ್ಚು, ಕೆಫೀನ್ ಶೇ 2.2ರ ಆಸುಪಾಸು. ಹಾಲಿನ ಕಾಫಿಗೆ ರೊಬಸ್ಟಾ ಸ್ವಲ್ಪ ಬೇಕೇ ಬೇಕು. ಬರೀ ಅರೇಬಿಕಾ ಎಂದು ಹೆಮ್ಮೆಪಡುವ ಫಲಕಗಳಿಗೆ ಮರುಳಾಗಬೇಡಿ.

ಪ್ರಶ್ನೆ: ಕೆಲಸದ ಮೇಲೆ ಊರೂರು ತಿರುಗುತ್ತೇನೆ. ಗೊತ್ತಿಲ್ಲದ ಊರಿನ ಮಾರುಕಟ್ಟೆಯಲ್ಲಿ ಒಳ್ಳೆಯ ಕಾಫಿ ಅಂಗಡಿಯನ್ನು ಕುಡಿಯುವ ಮುಂಚೆಯೇ ಗುರುತಿಸುವುದು ಹೇಗೆ?
(ಔಷಧ ಮಾರಾಟ ಪ್ರತಿನಿಧಿ, ಚಳ್ಳಕೆರೆ)

ಉತ್ತರ: ಗುಂಪನ್ನು ನೋಡಿ ಹೋಗಿ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಗುಂಪಿನ ಕೈಯಲ್ಲಿರುವ ಲೋಟದಲ್ಲಿ ಏನಿದೆ ಎಂಬುದನ್ನು ಮೊದಲು ನೋಡಬೇಕು. ಮುಕ್ಕಾಲು ಪಾಲು ಜನ ಚಹಾ ಕುಡಿಯುತ್ತಿದ್ದರೆ ನೀವೂ ಚಹಾ ಕುಡಿಯುವುದೇ ವಿವೇಕ. ಕಾಫಿಯವರೇ ಹೆಚ್ಚಿದ್ದರೆ ಡಿಕಾಕ್ಷನ್ ಪಾತ್ರೆ ಎಲ್ಲಿದೆ ನೋಡಿ. ಅದಕ್ಕೆ ಮುಚ್ಚಳವಿದ್ದು, ನೇರ ಉರಿಯ ಮೇಲೆ ಇಲ್ಲದಿದ್ದರೆ ಅರ್ಧ ಗೆದ್ದಂತೆ. ಹಾಲಿನ ಪಾತ್ರೆಯ ಒಳಗೋಡೆಯಲ್ಲಿ ಕಂದು ಕರೆ ಸುತ್ತಿಗಟ್ಟಿದ್ದರೆ ಹಾಲು ಬೆಳಗಿನಿಂದ ಕಾಯುತ್ತಲೇ ಇದೆ ಎಂದರ್ಥ. ಬಟ್ಟೆಯ ಚೀಲ ಕಾಫಿಬಣ್ಣಕ್ಕೆ ತಿರುಗಿರುವುದು ಕೊಳೆಯಲ್ಲ. ಸೋಪು ಹಾಕದೆ ಬರೀ ಬಿಸಿನೀರಿನಲ್ಲಿ ತೊಳೆದರೆ ಹಾಗೇ ಇರುತ್ತದೆ, ಇರಬೇಕು. ಆದರೆ ಹತ್ತಿರ ನಿಂತಾಗ ಅದರಿಂದ ಹುಳಿ ವಾಸನೆ ಬಂದರೆ ಮುಂದಿನ ಅಂಗಡಿಗೆ ನಡೆಯಿರಿ. ಬೆಳಿಗ್ಗೆ ಏಳರೊಳಗೆ, ಸಂಜೆ ನಾಲ್ಕರ ಸುಮಾರಿಗೆ ಹೊಸ ಡಿಕಾಕ್ಷನ್ ಸಿಗುವ ಸಂಭವ ಹೆಚ್ಚು. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಗೊತ್ತಿಲ್ಲದ ಅಂಗಡಿಯಲ್ಲಿ ಕಾಫಿಯ ಸಾಹಸ ಬೇಡ.

ಲೋಟದ ಬಗ್ಗೆ ಮಾತ್ರ ಸ್ವಲ್ಪ ಹಟ ಮಾಡಿ. ಕಾಗದದ ಕಪ್ಪು ಸ್ವಚ್ಛವೆಂದು ನಂಬಿ ಅನೇಕರು ಅದನ್ನೇ ಕೇಳುತ್ತಾರೆ. ಆ ಕಪ್ಪಿನ ಒಳಗೆ ತೆಳ್ಳನೆಯ ಪ್ಲಾಸ್ಟಿಕ್ ಪದರವಿರುತ್ತದೆ. 85ರಿಂದ 90 ಡಿಗ್ರಿ ಬಿಸಿಯ 100 ಮಿಲಿ ದ್ರವವನ್ನು 15 ನಿಮಿಷ ಅದರಲ್ಲಿಟ್ಟರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಬೆರೆಯುತ್ತವೆ ಎಂದು ಖರಗಪುರ ಐಐಟಿಯ ಸಂಶೋಧಕರು 2020ರಲ್ಲಿ ತೋರಿಸಿದ್ದಾರೆ. ಗಾಜಿನ ಅಥವಾ ಸ್ಟೀಲಿನ ಲೋಟವನ್ನೇ ಕೇಳಿ, ಕುದಿಯುವ ನೀರಿನಲ್ಲಿ ಒಮ್ಮೆ ಜಾಲಾಡಿಸಿ ಕೊಡಿ ಎನ್ನಿ. ಒಳ್ಳೆಯ ಅಂಗಡಿಯವರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ, ಏಕೆಂದರೆ ಲೋಟ ಬಿಸಿಯಾದರೆ ಅವರ ಕಾಫಿಗೂ ಒಳ್ಳೆಯದು.

ಪ್ರಶ್ನೆ: ನನಗೆ ಸಕ್ಕರೆ ಕಡಿಮೆ ಇರಬೇಕು, ಆದರೆ ಇಂತಹ ಅಂಗಡಿಗಳಲ್ಲಿ ಹೇಳಿದರೂ ಸಿಹಿಯಾಗಿಯೇ ಬರುತ್ತದೆ. ಏನು ಮಾಡಲಿ?
(ಬ್ಯಾಂಕ್ ಉದ್ಯೋಗಿ, ದಾವಣಗೆರೆ)

ಉತ್ತರ: ನೀವು ಹೇಳುವ ಹೊತ್ತಿಗೆ ಲೋಟಗಳ ಸಾಲಿಗೆ ಸಕ್ಕರೆ ಬಿದ್ದಾಗಿರುತ್ತದೆ. ಜನ ಹೆಚ್ಚಿರುವಾಗ ಎಂಟು ಹತ್ತು ಲೋಟಗಳಿಗೆ ಒಟ್ಟಿಗೆ ಸಕ್ಕರೆ ಹಾಕಿಟ್ಟು ಮೇಲಿಂದ ಡಿಕಾಕ್ಷನ್, ಹಾಲು ಸುರಿಯುತ್ತ ಹೋಗುವುದು ಅಲ್ಲಿನ ಕ್ರಮ. ದುಡ್ಡು ಕೊಡುವಾಗಲೇ ‘ಒಂದು ಸಕ್ಕರೆ ಇಲ್ಲದ್ದು’ ಎಂದು ಹೇಳಿ, ಬೇಕಾದಷ್ಟನ್ನು ನೀವೇ ಹಾಕಿಕೊಳ್ಳಿ. ಅದೂ ಆಗದಿದ್ದರೆ ಎತ್ತಿ ಸುರಿಯುವುದು ಬೇಡ ಎನ್ನಿ, ಚಮಚವನ್ನೂ ಆಡಿಸಬೇಡಿ. ಸಕ್ಕರೆಯ ಒಂದಷ್ಟು ತಳದಲ್ಲೇ ಉಳಿಯುತ್ತದೆ, ಕೊನೆಯ ಗುಟುಕನ್ನು ಬಿಟ್ಟರಾಯಿತು.